ಹೋಳಿಗೆ ಉಂಡ ಕೌದಿ

ಮದುವೆಯಾದ ಇಪ್ಪತ್ತೊಂದು ವರ್ಷಗಳಲ್ಲಿ ಮೈಲಾರೇಶ ತನಗಾಗಿ ಒಂದು ಬನಿಯನ್ನನ್ನೂ ಆರಿಸಿಕೊಂಡವನಲ್ಲ. ಅಂಗಿಯ ಬಣ್ಣ, ಚಪ್ಪಲಿಯ ಅಳತೆ, ಕ್ಷೌರದ ದಿನ, ಕಡೆಗೆ ಹಲ್ಲುನೋವು ಬಂದಾಗ ಯಾವ ಹಲ್ಲು ಕೀಳಿಸಬೇಕೆಂಬುದನ್ನೂ ಹೆಂಡತಿ ಶಿವಲೀಲಾಳೇ ತೀರ್ಮಾನಿಸಿದ್ದಳು. (ಹಲ್ಲಿನ ವಿಷಯದಲ್ಲಿ ಆಕೆ ಹೇಳಿದ್ದೇ ಸರಿಯಾಗಿತ್ತು. ಅವನಿಗೆ ನೋವು ಕೊಟ್ಟದ್ದು ಅದೇ.)

ಕೊಟ್ಟೂರಿನ ಹಿಟ್ಟಿನ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವನು ಅವನು. ಆ ಯಂತ್ರದ ಸದ್ದಿಗೆ ಕಿವಿ ಸ್ವಲ್ಪ ಮಂದವಾಗಿತ್ತು. 'ಸ್ವಲ್ಪ' ಎಂಬುದು ಅವನ ಅಭಿಪ್ರಾಯ. ಗಿರಣಿ ಮುಚ್ಚಿದ ಮೇಲೆ ಅವನಿಗೆ ಸಿಕ್ಕ ಕೆಲಸ ಕೇಳಿ ಓಣಿಯೇ ನಕ್ಕಿತು. ಕೂಡ್ಲಿಗಿ ಸೀಮೆಯ ಒಂದು ಕಲ್ಲುಗುಡ್ಡದ ಮೇಲೆ, ಕಾಡಿನ ನಡುವೆ, ಹನ್ನೆರಡು ತಿಂಗಳೂ ವಾಸವಿದ್ದು ಕರಡಿ ಎಣಿಸುವುದು! ಪ್ರಾಣಿಗಳ ಅಧ್ಯಯನ ನಡೆಸುವ ಒಂದು ಸಂಸ್ಥೆಯ ಸುಕನ್ಯಾ ಮೇಡಂ ಅವನ ಕಣ್ಣು ಪರೀಕ್ಷಿಸಿ, "ಹದ್ದಿನ ಕಣ್ಣು" ಎಂದು ಹೊಗಳಿ ಸೇರಿಸಿಕೊಂಡಿದ್ದರು. ಕಿವಿಯ ಬಗ್ಗೆ ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮೊದಲ ತಿಂಗಳು ಪರೀಕ್ಷೆ. ದಾಖಲೆ ಪುಸ್ತಕದಲ್ಲಿ ಕರಡಿಗಳು ಕಂಡರೆ ಕೆಲಸ ಕಾಯಂ, ಆಮೇಲೆ ಗುಡ್ಡದ ಮೇಲಿನ ಕಲ್ಲುಮನೆಗೆ ಹೆಂಡತಿಯನ್ನೂ ಕರೆಸಿಕೊಳ್ಳಬಹುದು. ಮಗಳು ಗೀತಾಂಜಲಿ ಹಗರಿಬೊಮ್ಮನಹಳ್ಳಿಯ ಹಾಸ್ಟೆಲ್ಲಿನಲ್ಲಿದ್ದಳು. ಶಿವಲೀಲಾಳನ್ನು ಬಿಟ್ಟು ಒಂದು ರಾತ್ರಿಯನ್ನೂ ಕಳೆಯದ ಮೈಲಾರೇಶನಿಗೆ ಆ 'ಆಮೇಲೆ' ಎಂಬ ಮಾತೇ ಇಡೀ ಸಂಬಳ. ಬಟ್ಟೆಬರೆ, ಸಾಮಾನು ಸರಂಜಾಮು ಮಾತ್ರ ಅವರವರೇ ಹೊಂದಿಸಿಕೊಳ್ಳಬೇಕಿತ್ತು.

ಅಲ್ಲಿಯೇ ಅವನಿಗೆ ಜ್ಞಾನೋದಯವಾಯಿತು. ಮೂರು ದಿನ ಮೊಬೈಲಿನಲ್ಲಿ, ಹಿಮದ ನಾಡಿನ ಗಡ್ಡದವನೊಬ್ಬ ಕಾಡಿನಲ್ಲಿ ಒಬ್ಬನೇ ಬದುಕುವ ವಿಡಿಯೋಗಳನ್ನು ನೋಡಿ, ನಾಲ್ಕನೆಯ ದಿನ ಘೋಷಿಸಿದ.

"ಈ ಸಲ ನಾನ ಆರಿಸ್ತೀನಿ. ಅಂಗಡಿಗೆ ಬೇಕಾದ್ರ ಬಾ. ಆದ್ರ ತುಟಿ ಪಿಟ್ ಅನ್ಬಾರದು ನೋಡು!"

"ಆತು, ಅನ್ನಂಗಿಲ್ಲ," ಎಂದಳು ಶಿವಲೀಲಾ. ಇಷ್ಟು ಬೇಗ ಒಪ್ಪಿಕೊಂಡದ್ದೇ ಅವನಿಗೆ ಎಚ್ಚರಿಕೆಯಾಗಬೇಕಿತ್ತು.

ಅಂಗಡಿಯ ಅಂಜಿನೇಯಲು ಒಂದು ದಪ್ಪ ಪ್ಯಾಂಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿದ. "ಅಣ್ಣಾರ, ಕಳ್ಳಿ ಮ್ಯಾಲೆ ಎಳದ್ರೂ ಇದು ಹರಿಯಂಗಿಲ್ಲ. ಮಳಿ ಬಂದ್ರ ನೀರು ನಿಲ್ಲಂಗಿಲ್ಲ. ನಿಮ್ಮ ಮೊಮ್ಮಕ್ಕಳೂ ಹಾಕ್ಕೋಬೋದು!"

ಶಿವಲೀಲಾ ಅಭ್ಯಾಸಬಲದಿಂದ ಬಟ್ಟೆಯನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿದಳು. ಹುಬ್ಬು ಗಂಟಿಕ್ಕಿತು. ಬಾಯಿ ತೆರೆದಳು.

"ಸುಮ್ನಿರು," ಎಂದ ಮೈಲಾರೇಶ.

ತೆರೆದ ಬಾಯನ್ನು ಆಕೆ ಮುಚ್ಚಿಕೊಂಡಳು. ಅಂಥ ಎರಡು ಪ್ಯಾಂಟು, ಅದೇ ಬಟ್ಟೆಯ ಕೋಟು, ಮೊಣಕಾಲೆತ್ತರದ ಬೂಟು, ಹಿಮದಲ್ಲೂ ಬೆಚ್ಚಗಿಡುವ ಮಲಗುವ ಚೀಲ, ಹದಿನಾರು ಬಗೆಯಾಗಿ ಬಿಚ್ಚಿಕೊಳ್ಳುವ ಚಾಕು ಎಲ್ಲವೂ ಮನೆಗೆ ದಯಮಾಡಿಸಿದವು. ಆ ಚಾಕುವಿನಲ್ಲಿ ಈರುಳ್ಳಿ ಹೆಚ್ಚುವ ಭಾಗ ಯಾವುದೆಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಹೊರಡುವ ದಿನ ಯುಗಾದಿಯ ಮರುದಿನ. ಶಿವಲೀಲಾ ತನ್ನ ಆರು ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಹೊಸ ಕೌದಿಯನ್ನು ತಂದು ಮುಂದಿಟ್ಟಳು.

"ಇದೊಂದು ಒಯ್ಯಿರಿ."

"ಬ್ಯಾಡ. ನನ್ನ ಚೀಲದಾಗ ಮಲಗಿದ್ರ ಹಿಮಾಲಯದಾಗೂ ಬೆವರು ಬರ್ತೈತಿ."

"ಹಿಮಾಲಯದಾಗ ಬರೋ ಬೆವರು ಕೂಡ್ಲಿಗ್ಯಾಗ ಬರಂಗಿಲ್ಲೇನು?"

ಮೈಲಾರೇಶನಿಗೆ ಈ ಮಾತು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ್ದರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನು ನೀರು ಕುಡಿಯಲು ಒಳಗೆ ಹೋದಾಗ ಕೌದಿ ಚೀಲದ ತಳ ಸೇರಿತು.

ಆ ಕೌದಿಯ ಗುಟ್ಟೊಂದಿದೆ. ಹೊಲಿದು ಮುಗಿಸುವಾಗ ಕೊನೆಯ ಮೂಲೆಯ ಬಾಯಿ ಮುಚ್ಚುವ ಮೊದಲು ಒಂದು ತುತ್ತು ಒಳಗಿಡುವುದು ಆಕೆಯ ತವರಿನ ಶಾಸ್ತ್ರ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರಂತೆ. ಶಾಸ್ತ್ರಕ್ಕೆ ಉಗುರಿನಷ್ಟು ಚೂರು ಸಾಕು. ಆದರೆ ಗಂಡ ಮೊದಲ ಸಲ ಒಬ್ಬನೇ ಇರುತ್ತಾನಲ್ಲ, ಹೊಟ್ಟೆಗೆ ಯಾರು ನೋಡುತ್ತಾರೆ ಎಂದು ಆಕೆಗೆ ಕಣ್ಣು ತುಂಬಿ ಬಂದು, ಯುಗಾದಿಯ ಎರಡು ಇಡೀ ಹೋಳಿಗೆ ಮಡಚಿಟ್ಟು ಹೊಲಿದಿದ್ದಳು. ಬೆಲ್ಲ ಎಂದಿಗಿಂತ ಒಂದು ಹಿಡಿ ಮುಂದಾಗಿಯೇ ಇತ್ತು.

ಗುಡ್ಡದ ಮೇಲೆ ಮೈಲಾರೇಶನ ವನವಾಸ ಶುರುವಾಯಿತು. ಹಿಮದ ಚೀಲದಲ್ಲಿ ಮೊದಲ ರಾತ್ರಿ ಅವನು ಆಲೂಗಡ್ಡೆಯಂತೆ ಬೆಂದ. ಎರಡನೆಯ ರಾತ್ರಿ ಚೀಲದ ಹೊರಗೆ ಮಲಗಿದ. ಮೂರನೆಯ ದಿನ ಸಾಮಾನಿನ ತಳದಲ್ಲಿ ಕೌದಿ ಕಂಡು ಕೋಪ ಮಾಡಿಕೊಂಡ. ಕೋಪ ಇಳಿಯುವಷ್ಟರಲ್ಲಿ ಅದನ್ನು ಹಾಸಿಕೊಂಡಾಗಿತ್ತು. ಮುಖದ ಹತ್ತಿರ ಮದುವೆಯ ಮರುವರ್ಷ ಆಕೆ ಉಡುತ್ತಿದ್ದ ಹಸಿರು ಸೀರೆಯ ತುಂಡಿತ್ತು. ಅವನಿಗೆ ಮನೆಯ ನೆನಪು ಒತ್ತರಿಸಿ ಬಂತು. ಯಾರೂ ನೋಡುವವರಿಲ್ಲದ್ದರಿಂದ ಧಾರಾಳವಾಗಿ ಅತ್ತ.

ಆದರೆ ಕರಡಿ? ಬೆಳಗ್ಗೆ ಹೊತ್ತು ಮೂಡುವ ಮುಂಚೆ, ಸಂಜೆ ಹೊತ್ತು ಇಳಿಯುವಾಗ ಬೂಟು, ಪ್ಯಾಂಟು, ಕೋಟು ಧರಿಸಿ ಕಾಡೆಲ್ಲ ತಿರುಗಿದ. ಹೆಜ್ಜೆಗುರುತು ಕಂಡಿತು, ಕೆದರಿದ ಹುತ್ತ ಕಂಡಿತು, ಆಗತಾನೇ ಹಾಕಿದ ಲದ್ದಿಯೂ ಕಂಡಿತು. ಹಾಕಿದವರು ಮಾತ್ರ ಕಾಣಲಿಲ್ಲ. ನವಿಲೂ ಇಲ್ಲ, ಮೊಲವೂ ಇಲ್ಲ. ಪುಸ್ತಕದ ಇಪ್ಪತ್ತಾರು ಪುಟಗಳಲ್ಲಿ ಇಪ್ಪತ್ತಾರು ಸೊನ್ನೆಗಳು ಕುಳಿತವು.

ಸುಕನ್ಯಾ ಮೇಡಂ ಫೋನು ಮಾಡಿದರು. "ಭಾನುವಾರ ಬರ್ತೀನಿ. ಅವತ್ತೂ ಒಂದೂ ಕಾಣ್ಲಿಲ್ಲಾಂದ್ರೆ ಈ ಜಾಗ ಮುಚ್ಚಬೇಕಾಗ್ತದೆ, ಮೈಲಾರೇಶ್. ನನ್ನ ಕೈಲೂ ಏನಿಲ್ಲ."

ಈ ಮಾತು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಮೊದಲ ಸಲ ತಾನೇ ಆರಿಸಿ ಬದುಕಿದ ತಿಂಗಳಿಗೆ ಸೊನ್ನೆ ಬಿದ್ದಿತ್ತು. ಶಿವಲೀಲಾ ಈ ಕಲ್ಲುಮನೆಗೆ ಬರುವುದೂ ಅಷ್ಟೇ ಆಯಿತು.

ಭಾನುವಾರ ಮೇಡಂ ಜೀಪಿನಲ್ಲೇ ಶಿವಲೀಲಾಳೂ ಬಂದಿಳಿದಳು, ಬುತ್ತಿಯ ಗಂಟಿನೊಂದಿಗೆ. ಮೈಲಾರೇಶ ಸಮವಸ್ತ್ರಧಾರಿಯಾಗಿ ಗುಡ್ಡದಿಂದ ಇಳಿದು ಬರುತ್ತಿದ್ದ. ಅರ್ಧ ದಾರಿಯಲ್ಲಿದ್ದಾಗಲೇ ಮೇಡಂ ಹೌಹಾರಿ ನಿಂತರು.

"ಅದೇನ್ರಿ ಸದ್ದು? ಯಾರೋ ತಗಡು ಎಳ್ಕೊಂಡು ಬಂದಂಗೆ!"

"ನಮ್ಮನಿಯವರ ಪ್ಯಾಂಟ್ರಿ," ಎಂದಳು ಶಿವಲೀಲಾ.

ಒಂದೊಂದು ಹೆಜ್ಜೆಗೂ ಸರಕ್ಕು, ಬರಕ್ಕು! ಒಂದು ತಿಂಗಳಿಂದ ಆ ಪ್ಯಾಂಟು ಇಡೀ ಕಾಡಿಗೆ ಡಂಗುರ ಸಾರುತ್ತ ತಿರುಗಿತ್ತು. ಅದು ಕೇಳಿಸದಿದ್ದದ್ದು ಕಾಡಿನಲ್ಲಿ ಒಬ್ಬನಿಗೇ.

"ಅಂಗಡ್ಯಾಗ ಮುಟ್ಟಿದ ಕೂಡ್ಲೇ ನನಗ ಗೊತ್ತಾಗಿತ್ತು," ಎಂದು ಶಿವಲೀಲಾ ಅವನ ಕಿವಿಯ ಹತ್ತಿರ ಬಂದು ಕೂಗಿದಳು. "ಹೇಳಾಕ ಬಾಯಿ ತೆಗೆದ್ನಿ. ಸುಮ್ನಿರು ಅಂದ್ರಿ!"

"ಆಮ್ಯಾಲೆ ಮನ್ಯಾಗ ಹೇಳಬೇಕಿಲ್ಲೇನು?"

"ಎಷ್ಟು ಹುರುಪಿನಾಗ ಆರಿಸಿದ್ರಿ. ಹೆಂಗ ಹೇಳ್ಲಿ?" ಎಂದಳು. ಈ ಸಲ ಕೂಗಲಿಲ್ಲ. ಆದರೂ ತುಟಿಯ ಮೇಲೆ ಕಣ್ಣಿಟ್ಟಿದ್ದ ಅವನಿಗೆ ಪೂರ್ತಿ ತಿಳಿಯಿತು.

ಪ್ಯಾಂಟು ಕಳಚಿ, ಆಕೆ ಬುತ್ತಿಯ ಜೊತೆ ತಂದಿದ್ದ ಹಳೆಯ ಮೆತ್ತನೆಯ ಲುಂಗಿ ಉಟ್ಟುಕೊಂಡು ಮೈಲಾರೇಶ ಕಲ್ಲುಮನೆಯ ಕಿಟಕಿಯ ಹಿಂದೆ ಕುಳಿತ. ಮೂವರೂ ಉಸಿರು ಬಿಗಿಹಿಡಿದರು. ಎದುರಿನ ಬಂಡೆಯ ಮೇಲೆ ಕೌದಿ ಹರವಿತ್ತು. ಎಲ್ಲಿಂದಲೋ ಇರುವೆ ಮುತ್ತಿದ್ದರಿಂದ ಅವನೇ ಬೆಳಗ್ಗೆ ಬಿಸಿಲಿಗೆ ಹಾಕಿ ಮರೆತಿದ್ದ. ದಿನವೆಲ್ಲ ಬಿಸಿಲುಂಡು ಒಳಗಿನ ಬೆಲ್ಲ ಕರಗಿತ್ತು.

ಹೊತ್ತು ಮುಳುಗುವ ಮೊದಲೇ ಪೊದೆ ಅಲುಗಿತು. ಮೊದಲು ಒಂದು ಮೂಗು, ಆಮೇಲೆ ಕಪ್ಪು ಮೈ, ಬೆನ್ನ ಮೇಲೆ ಎರಡು ಮರಿ! ತಾಯಿ ಕರಡಿ ಅತ್ತಿತ್ತ ನೋಡದೆ ನೇರ ಕೌದಿಯ ಕೊನೆಯ ಮೂಲೆಗೇ ಬಂದು, ಹೊಲಿಗೆ ಹರಿದು, ಹೋಳಿಗೆ ಹೊರಗೆಳೆಯಿತು. ಮರಿಗಳು ಇಳಿದು ಕಚ್ಚಾಡಿ ತಿಂದವು. ಮೇಡಂ ಪುಸ್ತಕದಲ್ಲಿ ಬರೆದರು: ಮೂರು.

"ಮೂರಲ್ರಿ, ಏಳು ಅದಾವ," ಎಂದು ಪಿಸುಗುಟ್ಟಿದಳು ಶಿವಲೀಲಾ. "ಆ ಸೀಳುಗಲ್ಲಿನ ಹಿಂದ ಎರಡು, ತುಗ್ಗಲಿ ಗಿಡದ ಬುಡಕ್ಕ ಎರಡು. ಉಸಿರು ಬಿಡೋದು ಕೇಳಸ್ತೈತಿ." ಮೇಡಂ ದುರ್ಬೀನು ಹಿಡಿದು ನೋಡಿದರು. ನಾಲ್ಕೂ ಇದ್ದವು.

ಕರಡಿಗಳು ಉಂಡು ಹೋದ ಮೇಲೆ ವಿಚಾರಣೆ ನಡೆಯಿತು. ಶಿವಲೀಲಾ ಹೋಳಿಗೆಯ ತಪ್ಪೊಪ್ಪಿಕೊಂಡಳು. ಕಾಡುಪ್ರಾಣಿಗೆ ತಿನಿಸು ಹಾಕುವುದು ದೊಡ್ಡ ತಪ್ಪು, ಇನ್ನು ಮುಂದೆ ಈ ಗುಡ್ಡದ ಮೇಲೆ ಸಿಹಿ ತುಂಬಿದ ಹಾಸಿಗೆ ಕೂಡದು ಎಂದು ಮೇಡಂ ಗದರಿದರು. ಆಮೇಲೆ ಪುಸ್ತಕ ತೆಗೆದು, ಹುದ್ದೆಯನ್ನು ಕಾಯಂ ಮಾಡಿ, ಹೆಸರಿನ ಜಾಗದಲ್ಲಿ ಬರೆದರು: ಶ್ರೀಮತಿ ಶಿವಲೀಲಾ. ಕೆಳಗೆ ಸಣ್ಣಕ್ಷರದಲ್ಲಿ: ಸಹಾಯಕ, ಮೈಲಾರೇಶ.

ಪ್ಯಾಂಟೂ ಕೋಟೂ ಈಗ ಗುಡ್ಡದ ಕೆಳಗೆ ದ್ಯಾಮಕ್ಕನ ಶೇಂಗಾ ಹೊಲದಲ್ಲಿ ಕೋಲಿನ ಮೇಲೆ ನಿಂತಿವೆ. ಗಾಳಿ ಬೀಸಿದರೆ ಸಾಕು, ಹಂದಿಗಳು ಆ ದಿಕ್ಕಿಗೇ ಸುಳಿಯುವುದಿಲ್ಲ. ಅಂಜಿನೇಯಲು ಹೇಳಿದಂತೆ, ಇವತ್ತಿಗೂ ಒಂದು ಎಳೆ ಹರಿದಿಲ್ಲ.

ಮುಂದಿನ ವಾರ ಶಿವಲೀಲಾ ಹರಿದ ಕೌದಿಗೆ ತೇಪೆ ಹಾಕಿದಳು. ಕೊನೆಯ ಮೂಲೆಗೆ ಬಂದು ಸೂಜಿ ನಿಲ್ಲಿಸಿ, ಕಟ್ಟೆಯ ಮೇಲೆ ಕಡಕ್ ರೊಟ್ಟಿ ಮೆಲ್ಲುತ್ತ ಕುಳಿತಿದ್ದ ಗಂಡನನ್ನು ಕೇಳಿದಳು.

"ಇದರ ಹೊಟ್ಟಿಗೆ ಏನಿಡೋಣ? ಈ ಸಲ ನೀವ ಆರಿಸ್ರಿ."

ಇಪ್ಪತ್ತೊಂದು ವರ್ಷಗಳಲ್ಲಿ ಆಕೆ ಹೀಗೆ ಕೇಳಿದ್ದು ಇದೇ ಮೊದಲು. ಮೈಲಾರೇಶನ ಎದೆ ಉಬ್ಬಿತು. ಬಹಳ ಹೊತ್ತು ಯೋಚಿಸಿದ.

"ನಾಕು ಕಾಳು ಜ್ವಾಳ?"

"ಹುಳ ಹಿಡೀತಾವ."

"ಚಿಟಿಕಿ ಉಪ್ಪು?"

"ಮಳಿಗಾಲಕ್ಕ ನೀರೊಡೀತೈತಿ."

"ಹಂಗಾರ ನೀನ ಹೇಳು ಮಾರಾಯ್ತಿ!"

ಶಿವಲೀಲಾ ನಕ್ಕು, ಅವನ ಕೈಯಲ್ಲಿದ್ದ ರೊಟ್ಟಿಯಿಂದ ಉಗುರಿನಷ್ಟು ಚೂರು ಮುರಿದು ಒಳಗಿಟ್ಟು, ಬಾಯಿ ಹೊಲಿದಳು. ಮೈಲಾರೇಶನಿಗೆ ಹೆಗಲ ಮೇಲಿನ ಮೂಟೆ ಇಳಿಸಿದಷ್ಟು ಹಗುರವಾಯಿತು.