ನನ್ನ ಬರಹಕ್ಕೆ ತಮ್ಮ ತೆಗೆದ ಫೋಟೋಗಳು

ಸಾಂಗ್ಲಿ, ಮಿರಜ ಎರಡೂ ಊರು ಜಾಲಾಡಿದರೂ ನನ್ನ ತಮ್ಮನಷ್ಟು ಕೆಟ್ಟ ಫೋಟೋ ತೆಗೆಯುವವರು ಸಿಗಲಾರರು. ಸಿಕ್ಕರೆ ಕರೆತನ್ನಿ, ಇಬ್ಬರಿಗೂ ಒಟ್ಟಿಗೆ ಚಹಾ ಮಾಡಿಕೊಡುತ್ತೇನೆ!

ನಾನು ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಬೆಳಿಗ್ಗೆ ಸ್ನಾನ, ಚಹಾ, ಆಮೇಲೆ ಒಂದು ಪುಟ ಕನ್ನಡ. ಬರೆದದ್ದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಎಲ್ಲರಿಂದಲೂ ಕೈಮುಗಿದ ಚಿತ್ರ ಬರುತ್ತಿತ್ತು. ಯಾರಾದರೂ ತೀರಿಕೊಂಡಾಗಲೂ ಅದೇ ಚಿತ್ರ. ಓದಿದರೋ, ಶ್ರದ್ಧಾಂಜಲಿ ಸಲ್ಲಿಸಿದರೋ, ತಿಳಿಯುವುದು ಹೇಗೆ?

ತಮ್ಮನೊಬ್ಬನೇ ಧ್ವನಿ ಕಳಿಸುತ್ತಿದ್ದ: "ಭಾಳ ಛಲೋ ಬರದಿ ಅಕ್ಕಾ." ಕುಪವಾಡದ ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಲ್ಲಿರುವವನು. ಒಂದು ದಿನ ಬಂದು ಕೂತ. "ಬರೇ ಅಕ್ಷರ ಹಾಕಿದ್ರ ಮಂದಿ ಬೆರಳಿಲೆ ಸರಿಸಿ ಹೋಗ್ತಾರ. ಫೋಟೋ ಇರ್ಲಿ. ನಾ ತಗೀತೀನಿ."

ಯಾವುದರ ಫೋಟೋ ಬೇಕೆಂದು ನಾನು ಹೇಳಬೇಕು, ಅವನು ಹೋಗಿ ತೆಗೆಯಬೇಕು. ಮೊದಲು ಅರಿಸಿನ ಪೇಟೆ. ಫೋಟೋದಲ್ಲಿ ಅರ್ಧ ಅವನ ಹೆಬ್ಬೆರಳು, ಉಳಿದರ್ಧ ಹಮಾಲನೊಬ್ಬನ ಬೆನ್ನು. ಅರಿಸಿನ ಎಲ್ಲಿ ಎಂದು ಕೇಳಿದರೆ ಹೆಬ್ಬೆರಳನ್ನೇ ದೊಡ್ಡದು ಮಾಡಿ ತೋರಿಸಿದ. ನಿಜ, ಉಗುರಿನ ಸಂದಿಯಲ್ಲಿ ಹಳದಿ ಇತ್ತು!

ಆಮೇಲೆ ಮಿರಜದ ತಂಬೂರಿ ಮಾಡುವವರ ಓಣಿ. ಕುಶಲಕರ್ಮಿಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಕೊನೆಗೆ ಗುಂಡಿ ಒತ್ತಿದಾಗ ಆತ ಸೀನಿದ. ತಂಬೂರಿ ಇಲ್ಲ, ಮುಚ್ಚಿದ ಕಣ್ಣು, ತೆರೆದ ಬಾಯಿ ಮಾತ್ರ. "ಹಾಡಾಕತ್ತಾನ ಅಂತ ಬರಿ," ಎಂದ ತಮ್ಮ.

ಹಾಸಿಗೆಯ ಚಾದರ ಸೊಟ್ಟಗಿದ್ದರೂ ಸಹಿಸದ ನಾನು ಇದನ್ನೆಲ್ಲ ಸಹಿಸಿದೆ. ಆದರೆ ಅಪ್ಪನ ಬಗ್ಗೆ ಬರೆದಾಗ ಮಾತ್ರ ಫೋಟೋ ಚೆನ್ನಾಗಿರಲಿ ಎಂದು ಖಡಕ್ಕಾಗಿ ಹೇಳಿದ್ದೆ. ಸಾಂಗ್ಲಿವಾಡಿಯಿಂದ ಸೈಕಲ್ ಮೇಲೆ ಕಾಯಿಪಲ್ಲೆ ಹೇರಿಕೊಂಡು ಅಪ್ಪ ದಿನವೂ ಕೃಷ್ಣೆಯ ಸೇತುವೆ ದಾಟುತ್ತಿದ್ದ. ತಮ್ಮ ಹೋಗಿ, ಇಡೀ ಸೇತುವೆ ಹಿಡಿಸಲೆಂದು ಹಿಂದೆ ಹಿಂದೆ ಸರಿದು, ಮೊಣಕಾಲುಮಟ ರಾಡಿಯಲ್ಲಿ ಇಳಿದ. ಬಂದ ಫೋಟೋದಲ್ಲಿ ಆಕಾಶ, ಸೇತುವೆಯ ಒಂದು ಮೂಲೆ, ಮತ್ತು ಅವನನ್ನೇ ದಿಟ್ಟಿಸುತ್ತಿರುವ ನಾಯಿ. ಬೇಡ ಎನ್ನುವುದರೊಳಗೆ ಗುಂಪಿನಲ್ಲಿ ನನ್ನ ಬರಹದ ಕೆಳಗೆ ಹಾಕಿಬಿಟ್ಟಿದ್ದ!

ಅಂದು ಯಾರೂ ಕೈಮುಗಿಯಲಿಲ್ಲ. ನಾಯಿ ಯಾರದು, ಹಾಗೇಕೆ ನೋಡುತ್ತಿದೆ ಎಂದು ಎಲ್ಲರದೂ ಪ್ರಶ್ನೆ. ತಮ್ಮನ ಮಗಳು ಫೋನೇ ಮಾಡಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. "ಅತ್ಯಾ, ಏನ್ ಬರದೀರಿ ಅದ್ರಾಗ? ಓದಿ ಹೇಳ್ರಿ."

ರವಿವಾರ ತಮ್ಮ, ಅವನ ಮಗಳು ಇಬ್ಬರೂ ಬಂದರು. ಓದಿದೆ. ಸೇತುವೆಯ ನಡುವೆ ಸೈಕಲ್ ನಿಲ್ಲಿಸಿ, ಮುಂದೆ ಅಡ್ಡ ಕಂಬಿಯ ಮೇಲೆ ಕೂತ ಚಿಕ್ಕ ಮಗನಿಗೆ ಅಪ್ಪ ಎಳೆ ಸೌತೆಕಾಯಿ ಮುರಿದು ಕೊಡುತ್ತಿದ್ದದ್ದು ಬಂದಾಗ, ಬಾಗಿಲ ಬಳಿ ಕೂತಿದ್ದ ತಮ್ಮ ಮುಖ ತಿರುಗಿಸಿದ. ಹೊಸದೇನಿದೆ, ನೀನು ಅಂದೇ ಓದಿದ್ದೆಯಲ್ಲ ಎಂದೆ.

"ಬಾಬಾಗ ಮರಾಠಿ ಅಷ್ಟ ಓದಾಕ ಬರ್ತದ್ರಿ, ಅತ್ಯಾ," ಎಂದಳು ಮಗಳು, ತಮ್ಮನತ್ತ ಕೈ ತೋರಿಸಿ.

ನಾನು ಅಥಣಿಯ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತವಳು. ಅವನು ಇಲ್ಲೇ ಉಳಿದು ಮರಾಠಿ ಶಾಲೆಗೆ ಹೋದ. ಛಲೋ ಬರದಿ ಎಂದದ್ದೆಲ್ಲ ಒಂದಕ್ಷರವೂ ಓದದೆ!

"ಫೋಟೋ ನೋಡಿ ಯಾರರ ನಿನ್ನ ಕಡಿಂದ ಓದಸ್ತಾರ, ಆವಾಗ ನಾನೂ ಕೇಳ್ತೀನಿ ಅಂತ ಮಾಡಿದ್ದೆ," ಎಂದ ನೆಲ ನೋಡುತ್ತ. ಆಮೇಲೆ, "ಸೌತಿಕಾಯಿದು ಇನ್ನೊಮ್ಮೆ ಓದು ಅಕ್ಕಾ."

ಈ ಸಲ ನಿಧಾನವಾಗಿ ಓದಿದೆ.