ನನ್ನ ಹೊಟ್ಟೆ, ಇಲ್ಲದ ಅತ್ತೆ

ಕರುಳಿನ ಒಂದು ತುಂಡು ಕತ್ತರಿಸಿ ತೆಗೆದ ಮೇಲೆ ನನ್ನ ಬದುಕಿನಲ್ಲಿ ನಗೋ ಪ್ರಸಂಗಗಳಿಗೇನೂ ಬರಗಾಲವಿಲ್ಲ. ಪಕ್ಕದಲ್ಲಿ ಕೂತು ನಗೋಕೆ ಮಾತ್ರ ಯಾರೂ ಇಲ್ಲ. ಅದಕ್ಕೇ ನಿಮಗೆ ಹೇಳ್ತಿದ್ದೀನಿ. ಅಡುಗೆಗೆ ಒಗ್ಗರಣೆ ಬೇಡ ಅಂದಿದ್ದಾರೆ ಡಾಕ್ಟರು. ಮಾತಿಗಾದರೂ ಒಂಚೂರು ಇರಲಿ.

ಅರ್ಧ ಗಂಟೆ

ಆಪರೇಷನ್ ಆಗಿ ಎಷ್ಟು ದಿನವಾದರೂ ಭೇದಿ ನಿಲ್ಲಲಿಲ್ಲ. ಡಾಕ್ಟರಮ್ಮ ಅದನ್ನು ಹಿಡಿದಿಡೋ ಮಾತ್ರೆ ಬರೆದುಕೊಟ್ಟು, "ಪ್ರತಿ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ" ಅಂದರು.

"ಯಾರಾದ್ರೂ ಊಟಕ್ಕೆ ಕರೆದರೆ?"

"ಎಷ್ಟು ಗಂಟೆಗೆ ಬಡಿಸ್ತಾರೆ ಅಂತ ಮೊದಲೇ ಕೇಳ್ಕೊಳ್ಳಿ."

"ಅದು ಸರಿ ಮೇಡಂ. ಯಾರಾದ್ರೂ ಕರೆಯೋ ಹಾಗೆ ಮಾಡೋಕೆ ಮಾತ್ರೆ ಇದೆಯಾ?"

ಡಾಕ್ಟರಮ್ಮ ನಗಲಿಲ್ಲ. ನರ್ಸು "ನೆಕ್ಸ್ಟ್" ಅಂದರು.

ದೊಡ್ಡ ಸಂಸಾರ

ಹಲಸೂರು ಮಾರ್ಕೆಟ್ ಹತ್ತಿರದ ಔಷಧಿ ಅಂಗಡಿಯಲ್ಲಿ ಈ ಮಾತ್ರೆಯನ್ನು ಜನ ಬಿಡಿಬಿಡಿಯಾಗಿ ಕೇಳ್ತಾರೆ. ನಾನು ಸ್ಟ್ರಿಪ್ಪುಗಟ್ಟಲೆ ಕೇಳಿದೆ. ಅಂಗಡಿಯಣ್ಣ ಗಾಬರಿಯಾಗಿ, ಇಡೀ ಬೀದಿಗೆ ಕೇಳೋ ಹಾಗೆ, "ಏನ್ ಸಾರ್, ಮನೆಮಂದಿಗೆಲ್ಲಾ ಕಿತ್ಕೊಂಡಿದೆಯಾ?" ಅಂದ.

ಪಕ್ಕದಲ್ಲಿ ಇಬ್ಬರು ಹುಡುಗಿಯರು ನಿಂತಿದ್ದರು. "ಹೌದಣ್ಣಾ. ಹೆಂಡತಿ, ಇಬ್ಬರು ಮಕ್ಕಳು, ಅತ್ತೆ. ನಾನೊಬ್ಬನೇ ಗಟ್ಟಿ" ಅಂದುಬಿಟ್ಟೆ. ಮರ್ಫಿ ಟೌನ್‌ನ ಬೇಕರಿ ಮೇಲಿನ ರೂಮಿನಲ್ಲಿ ನಾನು, ಒಂದು ತಟ್ಟೆ, ಒಂದು ಲೋಟ. ಮದುವೆಯೇ ಆಗಿಲ್ಲ.

ಆಮೇಲೆ ಹೋದಾಗಲೆಲ್ಲಾ "ಅತ್ತೆ ಹೆಂಗಿದ್ದಾರೆ ಸಾರ್?" ಅಂತ ವಿಚಾರಿಸೋನು. ವಾರವೆಲ್ಲಾ ನನ್ನನ್ನು ಯಾರೂ ಏನೂ ಕೇಳದ ಊರಿನಲ್ಲಿ ಆ ಒಂದು ಮಾತಿಗೆ ಕಾಯ್ತಿದ್ದೆ. ಅತ್ತೆಯನ್ನು ಗುಣ ಮಾಡೋ ಧೈರ್ಯವೇ ಬರಲಿಲ್ಲ.

ಆಯುಧಪೂಜೆ

ಹಬ್ಬದ ದಿನ ಅಂಗಡಿಯಣ್ಣ ಕಡಲೆಪುರಿ, ಸಿಹಿ ಹಾಕಿದ ಐದು ಪೊಟ್ಟಣ ಕೊಟ್ಟ.

"ಅತ್ತೆಗೆ ಹಲ್ಲಿಲ್ಲ, ಪುರಿ ಬೇಡಣ್ಣಾ" ಅಂದೆ, ಕಥೆಗೆ ಬಲ ಬರಲಿ ಅಂತ.

"ಅಯ್ಯೋ ಪಾಪ!" ಅಂತ ಒಂದು ಚಿಪ್ಪು ಬಾಳೆಹಣ್ಣು ಸೇರಿಸಿದ.

ಮದುವೆಯಾಗದೆ ಅತ್ತೆಯಿಂದ ಲಾಭ ಪಡೆದ ಗಂಡಸು ಮರ್ಫಿ ಟೌನ್‌ನಲ್ಲಿ ನಾನೊಬ್ಬನೇ.

ಐದು ಜನರ ಊಟ

ಮೊನ್ನೆ ಮಾತ್ರೆ ಮುಗಿದಿತ್ತು. ತರೋಕೆ ಹೋಗಬೇಕಂದ್ರೆ ಮೆಟ್ಟಿಲು ಇಳಿಯೋಕೆ ಹೊಟ್ಟೆ ಬಿಡ್ತಿಲ್ಲ. ರೂಮಿನ ಬಾಗಿಲು ಹಾಕೋಕೂ ಪುರುಸೊತ್ತಿಲ್ಲದೆ ಬಾತ್‌ರೂಮಿಗೆ ಓಡಿದ್ದೆ. ಹೊರಗಿಂದ ಅಂಗಡಿಯಣ್ಣನ ದನಿ ಬಂತು.

"ಸಾರ್! ನೀವು ಅಂಗಡಿ ಕಡೆ ಬರಲೇ ಇಲ್ಲ, ಭಯ ಆಯ್ತು. ಬಿಲ್ಲಲ್ಲಿದ್ದ ಅಡ್ರೆಸ್ ನೋಡ್ಕೊಂಡು ಮಾತ್ರೆ ತಂದಿದ್ದೀನಿ. ನಮ್ಮನೇಲಿ ಐದು ಜನಕ್ಕೂ ಡಬ್ಬೀಲಿ ಮೊಸರನ್ನ ಕಟ್ಟಿಕೊಟ್ಟಿದ್ದಾರೆ. ಎಲ್ಲಿ, ಯಾರೂ ಕಾಣಲ್ಲ?"

ನಿಜ ಗೊತ್ತಾದರೆ ಇನ್ನು ವಿಚಾರಿಸೋರು ಯಾರು? ಒಳಗಿಂದಲೇ ಕೂಗಿದೆ: "ಎಲ್ಲರೂ ಊರಿಗೆ ಹೋಗಿದ್ದಾರಣ್ಣಾ, ಬಸ್ಸಲ್ಲಿ!"

"ಆ ಹೊಟ್ಟೆ ಇಟ್ಕೊಂಡು? ಬಸ್ಸಲ್ಲಾ?"

ನನ್ನ ಪರವಾಗಿ ಹೊಟ್ಟೆಯೇ ಜೋರಾಗಿ ಉತ್ತರ ಕೊಟ್ಟಿತು.

ಹೊರಗೆ ಬಂದಾಗ ಅಂಗಡಿಯಣ್ಣ ನನ್ನ ಒಂಟಿ ತಟ್ಟೆಯನ್ನೇ ನೋಡ್ತಾ ನಿಂತಿದ್ದ. ಮಾತ್ರೆ, ನೀರು ಕೈಗೆ ಕೊಟ್ಟು ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಅಂಗಡಿ?" ಅಂದೆ.

"ಊಟಕ್ಕೆ ಅರ್ಧ ಗಂಟೆ ಇದೆಯಲ್ಲಾ ಸಾರ್, ಕೂತಿರ್ತೀನಿ" ಅಂದ. ಆಮೇಲೆ ಡಬ್ಬಿ ತನ್ನ ಕಡೆ ಎಳೆದುಕೊಂಡು, "ಅತ್ತೆ ಪಾಲು ಮಾತ್ರ ನಂದು. ಹಬ್ಬಕ್ಕೆ ಅವರಿಗೆ ಕೊಟ್ಟ ಬಾಳೆಹಣ್ಣಿನ ಬಾಕಿ ಇದೆ."