ಧರ್ಮಪ್ಪನ ಹೆಬ್ಬೆಟ್ಟು

ಧರ್ಮಪ್ಪನ ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇಲ್ಲ ಎಂಬ ಸಂಗತಿ ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ. ಧರ್ಮಪ್ಪನಿಗೇ ಗೊತ್ತಿರಲಿಲ್ಲ. ತನ್ನ ಹೆಬ್ಬೆಟ್ಟನ್ನು ತಾನೇ ಎತ್ತಿ ನೋಡಿಕೊಳ್ಳಲು ದುಡಿಯುವ ಮನುಷ್ಯನಿಗೆ ಪುರುಸೊತ್ತಾದರೂ ಎಲ್ಲಿರುತ್ತದೆ? ಏಳನೇ ಕ್ಲಾಸು ಓದಿದ್ದರಿಂದ ಎಲ್ಲ ಕಡೆ ಸಹಿ ನಡೆಯುತ್ತಿತ್ತು. ರೇಷನ್ ಅಂಗಡಿಯಲ್ಲಿ ಹೆಂಡತಿ ದುರ್ಗಮ್ಮನ ಬೆರಳು ನಡೆಯುತ್ತಿತ್ತು. ಇಪ್ಪತ್ತೆಂಟು ವರ್ಷದಿಂದ ಅವನು ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಕದ ಕಬ್ಬಿಣವನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ನುಣುಪು ಮಾಡುತ್ತಿದ್ದ. ಕಬ್ಬಿಣದ ಜೊತೆಗೆ ಬೆರಳೂ ನುಣುಪಾಗುತ್ತಿದೆ ಎಂದು ಕಂಡುಹಿಡಿದದ್ದು ಶಿವಮೊಗ್ಗದ ದೊಡ್ಡಾಸ್ಪತ್ರೆಯ ಒಂದು ಪುಟ್ಟ ಯಂತ್ರ, ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ.

ಅವನು ಹೋದದ್ದು ಬಲಗಣ್ಣಿನ ಪೊರೆ ತೆಗೆಸಲು. ಕಾರ್ಖಾನೆಯ ಮ್ಯಾನೇಜರ್ ಸುದರ್ಶನ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ: "ನೋಡು ಧರ್ಮಪ್ಪ, ಈ ಕಣ್ಣಿಟ್ಕೊಂಡು ಚಕ್ರದ ಮುಂದೆ ನಿಂತ್ರೆ ಒಂದಿನ ಕೈ ಹೋಗುತ್ತೆ. ಕಣ್ಣು ಸರಿ ಮಾಡಿಸ್ಕೊಂಡು ಬಾ. ಒಂದನೇ ತಾರೀಖಿನಿಂದ ಚೆಕಿಂಗ್ ಕುರ್ಚಿ ನಿಂಗೇ. ಆಗ್ಲಿಲ್ವಾ, ಬೇರೆ ಯಾರನ್ನಾದ್ರೂ ನೋಡ್ತೀನಿ."

ಚೆಕಿಂಗ್ ಕುರ್ಚಿ! ಅದಕ್ಕೆ ಫ್ಯಾನಿತ್ತು, ಒರಗಿಕೊಳ್ಳಲು ಬೆನ್ನಿತ್ತು. ಕೂತಲ್ಲೇ ಕಬ್ಬಿಣವನ್ನು ತಿರುಗಿಸಿ ಬಿರುಕಿದೆಯೋ ಇಲ್ಲವೋ ನೋಡಿದರೆ ಮುಗಿಯಿತು. ಇಪ್ಪತ್ತೆಂಟು ವರ್ಷ ನಿಂತೇ ದುಡಿದವನಿಗೆ ಅದು ಸಿಂಹಾಸನ. ಒಂದನೇ ತಾರೀಖಿಗೆ ಮೂರು ವಾರವಿತ್ತು.

ಆಪರೇಷನ್ನಿಗೆ ಜೊತೆಗೊಬ್ಬರು ಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ದುರ್ಗಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ರಜೆ ಸಿಗಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಅವರಿದ್ದ ಬೀದಿಯಲ್ಲಿ ಕರೆಯದೆಯೇ ಬರುವವನು ಪಕ್ಕದ ಮನೆಯ ಉಜ್ಜನಪ್ಪ. ಅದೇ ಕಾರ್ಖಾನೆಯ ಸ್ಟೋರಿನಲ್ಲಿದ್ದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟು, ಅಂದಿನಿಂದ ಊರಿನ ಸಮಸ್ತ ವಿಚಾರಣೆಯನ್ನು ಕೈಗೆತ್ತಿಕೊಂಡಿದ್ದ. ಎಲ್ಲಿ ನಾಲ್ಕು ಜನ ಸೇರಿದರೂ ನಡುವೆ ತಲೆ ತೂರಿಸಿ "ಏನಂತೆ?" ಎನ್ನುವುದು ಅವನ ಪದ್ಧತಿ.

"ದೊಡ್ಡಾಸ್ಪತ್ರೆ ಆಪರೇಷನ್ ರೂಮು ಒಳಗೆ ಹೆಂಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಮಾರಾಯ," ಎನ್ನುತ್ತ ಅವನು ಬೆಳಿಗ್ಗೆ ಏಳಕ್ಕೇ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ.

ಮೊದಲು ಅವನು ಶಿವಮೊಗ್ಗದ ಬಸ್ಸೆಂದು ಧರ್ಮಪ್ಪನನ್ನು ತರೀಕೆರೆ ಬಸ್ಸಿಗೆ ಹತ್ತಿಸಿದ. ಕಂಡಕ್ಟರ್ ಬೈದು ಇಳಿಸಿದಾಗ "ಬೋರ್ಡು ಬರೆಯೋನಿಗೆ ಅಕ್ಷರ ಬರಲ್ಲ" ಎಂದ. ಶಿವಮೊಗ್ಗ ತಲುಪಿದ ಮೇಲೆ ಕಣ್ಣಿನ ವಿಭಾಗ ಇದೇ ಎಂದು ಕರೆದುಕೊಂಡು ಹೋಗಿ ಹೆರಿಗೆ ವಾರ್ಡಿನ ಬಾಗಿಲು ತಳ್ಳಿದ. ಅಲ್ಲಿನ ಆಯಾ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ "ಯಾರಿಗೆ ದಿನ ತುಂಬಿರೋದು?" ಎಂದಳು. ಧರ್ಮಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂತೂ ಉಚಿತ ಚಿಕಿತ್ಸೆಯ ಕೌಂಟರ್ ಸಿಕ್ಕಿತು. ಅಲ್ಲಿ ಕಂಪ್ಯೂಟರಿನ ಹಿಂದೆ ಸ್ಪಂದನಾ ಎಂಬ ಹುಡುಗಿ ಕೂತಿದ್ದಳು. ಧರ್ಮಪ್ಪನ ಕಾಗದಗಳನ್ನೆಲ್ಲ ನೋಡಿ, ಬಲಗಣ್ಣು, ಪೊರೆ ಎಂದು ತುಂಬಿದಳು.

"ಇವತ್ತಿನ ಪಟ್ಟಿಲಿ ಹನ್ನೆರಡು ಜನಕ್ಕೆ ಜಾಗ. ಹನ್ನೊಂದು ತುಂಬಿದೆ. ನಿಮ್ಮದೇ ಕೊನೇದು. ಹನ್ನೆರಡು ಗಂಟೆಗೆ ಪಟ್ಟಿ ಬಂದ್. ಹೆಬ್ಬೆಟ್ಟು ಇಡಿ."

ಧರ್ಮಪ್ಪ ಇಟ್ಟ. ಯಂತ್ರ ಕೆಂಪಾಯಿತು.

"ಒರೆಸ್ಕೊಂಡು ಇಡಿ." ಕೆಂಪು. "ಒತ್ತಿ ಇಡಿ." ಕೆಂಪು. ಹತ್ತೂ ಬೆರಳು ಮುಗಿದವು. ಸ್ಪಂದನಾ ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಯಜಮಾನ್ರೇ, ನಿಮಗೆ ಗೆರೇನೇ ಇಲ್ವಲ್ಲ!"

ಕೌಂಟರಿನ ಮುಂದೆ ಕಂಬಳಿಹುಳದ ಹಾಗೆ ನಿಧಾನಕ್ಕೆ ಸರಿಯುತ್ತಿದ್ದ ಸಾಲು ಒಮ್ಮೆಲೇ ಚುರುಕಾಯಿತು. ಗೆರೆ ಇಲ್ಲದ ಬೆರಳು ಹೇಗಿರುತ್ತದೆಂದು ನೋಡಲು ಎಲ್ಲರೂ ಮುನ್ನುಗ್ಗಿದರು. ಒಬ್ಬ ಮುಟ್ಟಿ ನೋಡಿದ. ಮತ್ತೊಬ್ಬ ಫೋಟೋ ತೆಗೆದ.

"ಕಣ್ಣಲ್ಲೂ ಗುರುತು ಹಿಡಿಯೋ ಯಂತ್ರ ಇದೆ," ಎಂದು ಸ್ಪಂದನಾ ಇನ್ನೊಂದು ಡಬ್ಬಿ ತೆಗೆದಳು. ಧರ್ಮಪ್ಪ ಎರಡೂ ಕಣ್ಣನ್ನು ಸಾಧ್ಯವಾದಷ್ಟು ಅಗಲಿಸಿದ. ಅದೂ ಒಪ್ಪಲಿಲ್ಲ.

"ಪೊರೆ ಅಡ್ಡ ಬರ್ತಿದೆ ಅನ್ಸುತ್ತೆ. ಪೊರೆ ತೆಗೆಸ್ಕೊಂಡು ಬಂದ್ರೆ ಹಿಡಿಯುತ್ತೆ ನೋಡಿ," ಎಂದಳು. ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. "ಮೊಬೈಲಿಗೆ ಒಟಿಪಿ ಕಳಿಸ್ತೀನಿ, ತಾಳಿ."

ಒಟಿಪಿ ಹೋಯಿತು. ಆದರೆ ಹೋದದ್ದು ಜೆರಾಕ್ಸ್ ಅಂಗಡಿ ಶಿವಕುಮಾರನ ಫೋನಿಗೆ. ಹಿಂದೆ ಆಧಾರ್ ಕಾರ್ಡು ಮಾಡಿಸುವಾಗ ಇಡೀ ಬೀದಿಯೇ ಅವನ ನಂಬರ್ ಕೊಟ್ಟಿತ್ತು. ಧರ್ಮಪ್ಪ ಫೋನು ಮಾಡಿದ.

"ಒಟಿಪಿ ಯಾರಿಗೂ ಹೇಳ್ಬಾರದಣ್ಣ, ದಿನಾ ಮೆಸೇಜ್ ಬರುತ್ತೆ. ನೀವು ಧರ್ಮಪ್ಪಣ್ಣನೇ ಅಂತ ಏನು ಗ್ಯಾರಂಟಿ?"

"ನನ್ನ ದನಿ ಗೊತ್ತಾಗಲ್ವೇನೋ ನಿಂಗೆ?"

"ಈಗ ದನೀನೂ ಕಂಪ್ಯೂಟರೇ ಮಾಡುತ್ತಂತೆ. ನಿಮ್ಮನೆ ಬೆಕ್ಕಿನ ಹೆಸರು ಹೇಳಿ."

"ರಾಣಿ."

"ಅದು ಬೀದಿಗೆಲ್ಲಾ ಗೊತ್ತಿರೋದೇ," ಎಂದು ಶಿವಕುಮಾರ ಫೋನನ್ನೇ ಆಫ್ ಮಾಡಿದ. ಬೀದಿಯವರಿಗೆ ಬುದ್ಧಿ ಬರಲಿ ಎಂದರೆ ಬರುವುದಿಲ್ಲ, ಬಂದರೆ ಇಂಥ ಹೊತ್ತಿನಲ್ಲೇ ಬರುತ್ತದೆ.

ಗಂಟೆ ಹನ್ನೊಂದಾಯಿತು. ಉಜ್ಜನಪ್ಪ ಅಂಗಿಯ ತೋಳು ಮಡಚಿದ. "ಗೆರೆ ಅನ್ನೋದು ಒಳಗೆ ಇದ್ದೇ ಇರುತ್ತೆ ಮಾರಾಯ. ಮೇಲೆ ಬರಿಸ್ಬೇಕು, ಅಷ್ಟೇ."

ಸಾಲಿಗೆ ಸಾಲೇ ವೈದ್ಯರ ಸಂಘವಾಯಿತು. ಕ್ಯಾಂಟೀನಿನಿಂದ ಬಿಸಿ ಚಹಾ ತರಿಸಿ ಹೆಬ್ಬೆಟ್ಟನ್ನು ಅದ್ದಿಸಿದರು. ಕೆಂಪು. ಯಾರದೋ ಊಟದ ಬುತ್ತಿಯಿಂದ ನಿಂಬೆಹಣ್ಣು, ಉಪ್ಪು ಬಂದವು. ಕೆಂಪು. ಉಜ್ಜನಪ್ಪ ಬೆಂಕಿಪೊಟ್ಟಣದ ಬದಿಗೆ ಅದನ್ನು ತಿಕ್ಕಿ, "ಗೀರಿದ್ರೆ ಗೆರೆ ಬೀಳದೆ ಎಲ್ಲಿಗೆ ಹೋಗುತ್ತೆ?" ಎಂದ. ಆಗಲೂ ಕೆಂಪು. ಈಗ ಯಂತ್ರವಷ್ಟೇ ಅಲ್ಲ, ಹೆಬ್ಬೆಟ್ಟೂ ಕೆಂಪಾಗಿತ್ತು. ಕೊನೆಗೆ ಮಂಡಿನೋವಿಗೆ ಬಂದಿದ್ದ ವೀರಮ್ಮ ಎಂಬ ಮುದುಕಿ ಎಲೆಅಡಿಕೆ ಚೀಲ ಬಿಚ್ಚಿದಳು.

"ಸುಣ್ಣ ಹಚ್ಚಪ್ಪಾ. ಮೇಲಿನ ಚರ್ಮ ಕಿತ್ಕೊಂಡು ಬಂದ್ರೆ ಅಡೀಲಿ ಹೊಸ ಗೆರೆ ಇರುತ್ತೆ."

"ಉರಿಯುತ್ತಮ್ಮಾ!" ಎಂದು ಧರ್ಮಪ್ಪ ಕುಣಿದ.

"ಉರಿದ್ರೆ ಹತ್ತಿದೆ ಅಂತ ಅರ್ಥ," ಎಂದು ಉಜ್ಜನಪ್ಪ ಇನ್ನಷ್ಟು ಒತ್ತಿ ಹಚ್ಚಿದ. ಹೊಸ ಗೆರೆ ಬರಲಿಲ್ಲ, ಬೊಬ್ಬೆ ಬಂತು.

ಹನ್ನೆರಡಕ್ಕೆ ಐದೇ ನಿಮಿಷ. ಧರ್ಮಪ್ಪ ಬೆರಳನ್ನು ಬಾಯಲ್ಲಿಟ್ಟುಕೊಂಡು ಗೋಡೆಗೆ ಒರಗಿದ. ಕಣ್ಣಲ್ಲಿ ನೀರು ತುಂಬಿತ್ತು. ಅದು ಸುಣ್ಣದ್ದೋ ಕುರ್ಚಿಯದ್ದೋ ಅವನಿಗೇ ತಿಳಿಯಲಿಲ್ಲ.

"ಯಂತ್ರಾನೇ ಕೆಟ್ಟಿದೆ!" ಎಂದು ಉಜ್ಜನಪ್ಪ ಗುಡುಗಿದ. "ಮನುಷ್ಯನ ಬೆರಳು ಸುಳ್ಳು ಹೇಳುತ್ತಾ? ನಂದು ಹಾಕಿ ನೋಡಿ. ಇಗೋ ನನ್ನ ಕಾರ್ಡು."

ಕೆಟ್ಟಿರಬಹುದೇ ಎಂದು ಸ್ಪಂದನಾಗೂ ಅನುಮಾನ ಹುಟ್ಟಿತು. ಧರ್ಮಪ್ಪನ ನಂಬರ್ ಅಳಿಸಿ ಉಜ್ಜನಪ್ಪನದು ಒತ್ತಿದಳು. ಉಜ್ಜನಪ್ಪ ಎರಡು ವರ್ಷದಿಂದ ಕೆಲಸ ಮಾಡದ ತನ್ನ ಹೆಬ್ಬೆಟ್ಟನ್ನು ಇಟ್ಟ. ಟಿಂಗ್ ಎಂದು ಯಂತ್ರ ಹಸಿರಾಯಿತು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು.

ಸ್ಪಂದನಾ ಮಾತ್ರ ಪರದೆ ನೋಡಿ ಹಣೆ ಚಚ್ಚಿಕೊಂಡಳು. ಮೊದಲೇ ತುಂಬಿದ್ದ ಅರ್ಜಿ ಹಾಗೇ ಉಳಿದಿತ್ತು. ಹನ್ನೆರಡನೆಯ ಜಾಗ: ಉಜ್ಜನಪ್ಪ, ಬಲಗಣ್ಣು, ಪೊರೆ, ಮಂಜೂರಾಗಿದೆ.

"ಅಳಿಸಿ ಮೇಡಂ!" ಎಂದ ಧರ್ಮಪ್ಪ.

"ಅಳಿಸೋಕೆ ಬೆಂಗಳೂರಿಂದ ಒಪ್ಪಿಗೆ ಬರ್ಬೇಕು. ಎರಡು ದಿನ ಆಗುತ್ತೆ." ಅಷ್ಟರಲ್ಲಿ ಹನ್ನೆರಡು ಹೊಡೆದು ಪಟ್ಟಿಯೂ ಮುಚ್ಚಿತು.

ಮೂವರೂ ಮೇಲಿನ ಮಹಡಿಗೆ, ಕಣ್ಣಿನ ಡಾಕ್ಟರ್ ಶಾಮಲಾ ಅವರ ಹತ್ತಿರ ಓಡಿದರು. ಅವರು ಕತೆ ಪೂರ್ತಿ ಕೇಳಿ ನಕ್ಕರು. ಧರ್ಮಪ್ಪನ ಕಣ್ಣಿಗೆ ಟಾರ್ಚ್ ಬಿಟ್ಟು, "ಪೊರೆ ಇದೆ. ಇನ್ನೂ ಮೂರು ತಿಂಗಳು ಬಿಟ್ರೂ ಅಪಾಯ ಇಲ್ಲ" ಎಂದರು. ಆಮೇಲೆ ಸುಮ್ಮನೆ ಕುತೂಹಲಕ್ಕೆ ಟಾರ್ಚನ್ನು ಉಜ್ಜನಪ್ಪನ ಕಡೆ ತಿರುಗಿಸಿದರು. ಅವರ ನಗು ನಿಂತಿತು. ಅವನ ಎಡಗಣ್ಣು ಮುಚ್ಚಿಸಿ ಕೈ ಎತ್ತಿ ಹಿಡಿದರು.

"ಇಲ್ಲಿ ಎಷ್ಟು ಬೆರಳಿದೆ?"

"ಯಾರದ್ದು ಮೇಡಂ?"

"ನಿಮಗೆ ಈ ಕಣ್ಣು ಕಾಣ್ತಾನೇ ಇಲ್ವಲ್ರೀ! ಪೊರೆ ಪೂರ್ತಿ ಬಲಿತಿದೆ, ಎಡಗಣ್ಣಲ್ಲೂ ಶುರುವಾಗಿದೆ. ಎಷ್ಟು ದಿನದಿಂದ ಹೀಗೆ?"

"ಸ್ವಲ್ಪ ಮಂಜು ಮಂಜು ಇತ್ತು ಮೇಡಂ. ಭದ್ರಾವತಿ ಹೊಗೆ ಅಂದ್ಕೊಂಡಿದ್ದೆ. ಊರಿನ ದೊಡ್ಡ ಫ್ಯಾಕ್ಟರಿ ನಿಂತು ಇಷ್ಟು ವರ್ಷ ಆದ್ರೂ ಹೊಗೆ ಯಾಕೆ ಹೋಗಿಲ್ಲ ಅಂತ ನಂಗೂ ಆಶ್ಚರ್ಯ."

ತರೀಕೆರೆ ಬಸ್ಸು, ಹೆರಿಗೆ ವಾರ್ಡು ಎಲ್ಲವೂ ಧರ್ಮಪ್ಪನಿಗೆ ಈಗ ಅರ್ಥವಾದವು.

"ಇವರಿಗೆ ಮಂಜೂರಾಗಿದೆ, ಬಿಟ್ರೆ ಕಣ್ಣಿಗೆ ತೊಂದ್ರೆ. ಬಿಪಿ, ಶುಗರ್ ಸರಿ ಇದ್ರೆ ಇವತ್ತೇ ಮಾಡ್ತೀನಿ," ಎಂದರು ಡಾಕ್ಟರ್. ಉಜ್ಜನಪ್ಪ ಬೇಡ ಬೇಡವೆಂದು ಎದ್ದ. ಬಾಗಿಲು ಯಾವ ಕಡೆಗಿದೆಯೆಂದು ಸರಿಯಾಗಿ ಕಾಣದೆ ಬೀರುವಿಗೆ ಡಿಕ್ಕಿ ಹೊಡೆದು ಮತ್ತೆ ಕೂತ.

ಡಾಕ್ಟರ್ ಧರ್ಮಪ್ಪನ ಹೆಬ್ಬೆಟ್ಟು ನೋಡಿ, ನರ್ಸಿಗೆ ಹೇಳಿ ಬ್ಯಾಂಡೇಜ್ ಹಾಕಿಸಿದರು. "ಒಂದು ತಿಂಗಳು ಆ ಚಕ್ರ ಮುಟ್ಬೇಡಿ. ಗೆರೆ ತಾನಾಗಿ ಬರುತ್ತೆ. ಆಗ ಬನ್ನಿ, ಕಣ್ಣು ಮಾಡೋಣ."

"ಚಕ್ರ ಬಿಡ್ಬೇಕು ಅಂದ್ರೆ ಕುರ್ಚಿ ಸಿಗ್ಬೇಕು ಮೇಡಂ."

"ಕುರ್ಚಿ ತಗೊಳ್ಳಿ."

"ಕಣ್ಣು ಆದ್ರೆ ಕುರ್ಚಿ."

"ಮತ್ತೆ ಕಣ್ಣು..." ಎಂದು ಡಾಕ್ಟರ್ ಅರ್ಧಕ್ಕೇ ನಿಲ್ಲಿಸಿದರು. ಅವರಿಗೂ ಪಾಪ ಅನ್ನಿಸಿತು. ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಔಷಧಿ ಇರಲಿಲ್ಲ.

ಸಂಜೆ ಐದಕ್ಕೆ ಉಜ್ಜನಪ್ಪ ಆಪರೇಷನ್ ರೂಮನ್ನು ಒಳಗಿನಿಂದ ನೋಡಿಕೊಂಡು ಹೊರಬಂದ. ಬಲಗಣ್ಣಿನ ಮೇಲೆ ಬಿಳಿ ಪಟ್ಟಿ. ಜೊತೆಗೆ ಬಂದವರ ಸಹಿ ಎಂಬಲ್ಲಿ ಧರ್ಮಪ್ಪ ಬ್ಯಾಂಡೇಜ್ ಕೈಯಲ್ಲೇ ಸಹಿ ಹಾಕಿದ. ದಿನಕ್ಕೆ ನಾಲ್ಕು ಸಲ ಹಾಕುವ ಡ್ರಾಪ್ಸ್ ಚೀಟಿಯನ್ನು ನರ್ಸ್ ಅವನ ಜೇಬಿಗೇ ತುರುಕಿದಳು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂರುವಷ್ಟರಲ್ಲಿ ಫೋನು ಬಂತು. ಮ್ಯಾನೇಜರ್ ಸುದರ್ಶನ.

"ಏನ್ ಧರ್ಮಪ್ಪ, ಆಪರೇಷನ್ ಆಯ್ತಾ?"

ಸುಳ್ಳು ಹೇಳುವ ಅಭ್ಯಾಸ ಧರ್ಮಪ್ಪನಿಗೆ ಇರಲಿಲ್ಲ. "ಆಯ್ತು ಸಾರ್. ಉಜ್ಜಣ್ಣಂಗೆ," ಎಂದು ನಡೆದದ್ದೆಲ್ಲ ಹೇಳಿದ.

ಆ ಕಡೆ ಸುದರ್ಶನ ಬಿದ್ದು ಬಿದ್ದು ನಕ್ಕ. "ಹಾಗಾದ್ರೆ ಉಜ್ಜನಪ್ಪಂಗೆ ಇನ್ನು ಚೆನ್ನಾಗಿ ಕಾಣುತ್ತೆ ಅನ್ನು."

"ಡಾಕ್ಟ್ರು ಹಾಗೇ ಅಂದ್ರು ಸಾರ್."

"ಸ್ಟೋರಲ್ಲಿದ್ದೋನು, ಮಾಲಿನ ಗುರುತೂ ಇದೆ. ಮನೇಲಿ ಖಾಲಿ ಕೂತಿದಾನೆ. ಬೇಜಾರ್ ಮಾಡ್ಕೋಬೇಡ ಧರ್ಮಪ್ಪ. ಒಂದನೇ ತಾರೀಖಿನಿಂದ ಚೆಕಿಂಗಿಗೆ ಬರ್ತಾನಾ ಅಂತ ಸ್ವಲ್ಪ ಕೇಳಿಬಿಡು."

ಫೋನು ಕಟ್ಟಾಯಿತು. ಧರ್ಮಪ್ಪ ಬ್ಯಾಂಡೇಜ್ ಸುತ್ತಿದ ಹೆಬ್ಬೆಟ್ಟನ್ನು ಅದೇ ಮೊದಲ ಸಲ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ. ಇನ್ನು ಚಕ್ರವೂ ಇಲ್ಲ, ಕುರ್ಚಿಯೂ ಇಲ್ಲ. ಮನೆಯಲ್ಲಿ ಕೂತರೆ ಅದರಲ್ಲಿ ಗೆರೆ ಚೆನ್ನಾಗಿಯೇ ಮೂಡುತ್ತದೆ.

ಮಂಚದ ಮೇಲಿಂದ ಉಜ್ಜನಪ್ಪ ಪಟ್ಟಿ ಕಟ್ಟಿದ ತಲೆ ಎತ್ತಿದ.

"ಯಾರದ್ದು ಮಾರಾಯ ಫೋನು? ಏನಂತೆ?"